ದೀಪದಡಿಯ ಮೆಣಸಿನ ಗಿಡ: ಟೆಂಟಿನೊಳಗೆ ಬೆಳಕು, ಬಿಸಿ, ತೇವ ಹೊಂದಿಸುವ ಬಗೆ

ಬಿಸಿಲು ಬೀಳುವ ಅಂಗಳವಾಗಲಿ ತಾರಸಿಯಾಗಲಿ ಇಲ್ಲದವರೂ ಮೆಣಸಿನಕಾಯಿ ಗಿಡವನ್ನು ಬಿತ್ತನೆಯಿಂದ ಕೊಯ್ಲಿನವರೆಗೆ ಕೋಣೆಯೊಳಗೇ, ದೀಪ ತೂಗುಹಾಕಿದ ಪುಟ್ಟ ಟೆಂಟಿನಲ್ಲಿ ಬೆಳೆಸಬಹುದು. ಹೊರಗಡೆ ಬಿಸಿಲು, ಗಾಳಿ, ಮಣ್ಣು ತಾವಾಗಿಯೇ ನೋಡಿಕೊಳ್ಳುವ ಕೆಲಸಗಳೆಲ್ಲ ಇಲ್ಲಿ ಬೆಳೆಸುವವರ ಪಾಲಿಗೆ ಬರುತ್ತವೆ ಎಂಬುದಷ್ಟೇ ವ್ಯತ್ಯಾಸ. ಮೊದಲ ಸಲ ಕೈಹಾಕುವವರು ಸಾಮಾನ್ಯವಾಗಿ ಪೋಷಕಾಂಶದ ಬಾಟಲಿಗಳಿಂದ ಆರಂಭಿಸುತ್ತಾರೆ. ಆದರೆ ಗಿಡದ ಬೆಳವಣಿಗೆಯ ವೇಗವನ್ನು ನಿರ್ಧರಿಸುವುದು ಬೆಳಕು. ಉಷ್ಣತೆ, ತೇವಾಂಶ, ನೀರು, ಗೊಬ್ಬರ ಇವೆಲ್ಲವೂ ಆ ವೇಗಕ್ಕೆ ತಕ್ಕಂತೆ ಇರಬೇಕು. ಆದ್ದರಿಂದ ಸಿದ್ಧತೆಯೂ ಬೆಳಕಿನಿಂದಲೇ ಶುರುವಾಗಬೇಕು.

ಬೆಳಕಿನ ಲೆಕ್ಕ

ದೀಪದ ಡಬ್ಬಿಯ ಮೇಲೆ ಬರೆದಿರುವ ವ್ಯಾಟ್ ಅದು ಎಷ್ಟು ವಿದ್ಯುತ್ ಬಳಸುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಎಲೆಗೆ ಎಷ್ಟು ಬೆಳಕು ತಲುಪುತ್ತದೆ ಎಂಬುದನ್ನಲ್ಲ. ಸಸ್ಯಗಳು ಆಹಾರ ತಯಾರಿಕೆಗೆ ಮುಖ್ಯವಾಗಿ ಬಳಸುವುದು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು. ಒಂದು ಚದರ ಮೀಟರ್ ಜಾಗದ ಮೇಲೆ ಪ್ರತಿ ಸೆಕೆಂಡಿಗೆ ಬೀಳುವ ಇಂಥ ಬೆಳಕಿನ ಕಣಗಳ ಪ್ರಮಾಣವನ್ನು ಮೈಕ್ರೊಮೋಲ್‌ಗಳಲ್ಲಿ ಅಳೆದು, ಅದನ್ನು ಪಿಪಿಎಫ್‌ಡಿ ಎಂದು ಕರೆಯುತ್ತಾರೆ. ಮೊಳಕೆಯೊಡೆದ ಸಸಿಗೆ 150ರಿಂದ 200, ನಾಲ್ಕಾರು ಜೊತೆ ಎಲೆ ಬಂದ ಗಿಡಕ್ಕೆ 300 ಮತ್ತು ಹೂಬಿಟ್ಟು ಕಾಯಿ ಕಚ್ಚುವ ಗಿಡಕ್ಕೆ 400ರಿಂದ 600 ಮೈಕ್ರೊಮೋಲ್ ಇದ್ದರೆ ಸಾಕು.

ಈ ಅಂಕಿಗಿಂತಲೂ ಮುಖ್ಯವಾದುದು ದಿನವೊಂದರಲ್ಲಿ ಗಿಡಕ್ಕೆ ಸಿಗುವ ಒಟ್ಟು ಬೆಳಕು. 400 ಮೈಕ್ರೊಮೋಲ್ ಬೆಳಕನ್ನು 16 ಗಂಟೆ, ಎಂದರೆ 57,600 ಸೆಕೆಂಡು ಕೊಟ್ಟರೆ ದಿನಕ್ಕೆ ಸುಮಾರು 23 ಮೋಲ್ ಆಗುತ್ತದೆ (ಒಂದು ಮೋಲ್ ಎಂದರೆ ಹತ್ತು ಲಕ್ಷ ಮೈಕ್ರೊಮೋಲ್). ಸೊಪ್ಪಿನ ಗಿಡಗಳು 12ರಿಂದ 17 ಮೋಲ್‌ಗಳಲ್ಲೇ ಚೆನ್ನಾಗಿ ಬೆಳೆಯುತ್ತವೆ. ಮೆಣಸು, ಟೊಮೆಟೊದಂಥ ಕಾಯಿ ಬಿಡುವ ಗಿಡಗಳಿಗೆ 20ರಿಂದ 30 ಬೇಕು. ದೀಪದ ಶಕ್ತಿ ಸ್ವಲ್ಪ ಕಡಿಮೆಯಿದ್ದರೆ ಉರಿಸುವ ಅವಧಿಯನ್ನು ಹೆಚ್ಚಿಸಿ ಸರಿದೂಗಿಸಬಹುದು. ಹಾಗೆಂದು 24 ಗಂಟೆಯೂ ಉರಿಸಬಾರದು. ನಿರಂತರ ಬೆಳಕಿನಲ್ಲಿ ಟೊಮೆಟೊ ಎಲೆಗಳು ಹಳದಿಗೆ ತಿರುಗಿ ಹಾಳಾಗುತ್ತವೆ. ಮೆಣಸು ಅಷ್ಟು ಸೂಕ್ಷ್ಮವಲ್ಲದಿದ್ದರೂ ಅದಕ್ಕೂ ದಿನಕ್ಕೆ ಆರೆಂಟು ಗಂಟೆಗಳ ಕತ್ತಲು ಇರುವುದು ಒಳ್ಳೆಯದು. ದೀಪವನ್ನು ಕೈಯಿಂದ ಹಾಕಿ ಆರಿಸುವ ಉಸಾಬರಿ ಬೇಡ. ಒಂದು ಟೈಮರ್ ಅಳವಡಿಸಿದರೆ ಆ ಚಿಂತೆ ಅಲ್ಲಿಗೇ ಮುಗಿಯಿತು.

ಒಂದು ಚದರ ಮೀಟರ್ ಟೆಂಟಿಗೆ 400 ಮೈಕ್ರೊಮೋಲ್ ಬೇಕೆಂದರೆ, ಪ್ರತಿ ವ್ಯಾಟಿಗೆ 2.5 ಮೈಕ್ರೊಮೋಲ್ ಕೊಡುವ ಎಲ್‌ಇಡಿ ದೀಪವಾದರೆ ಲೆಕ್ಕಕ್ಕೆ 160 ವ್ಯಾಟ್ ಸಾಕು. ಬದಿಗಳಲ್ಲಿ ವ್ಯರ್ಥವಾಗುವ ಬೆಳಕನ್ನೂ ಗಣನೆಗೆ ತೆಗೆದುಕೊಂಡು 200 ವ್ಯಾಟ್‌ನ ದೀಪ ಆರಿಸಿಕೊಳ್ಳುವುದು ಸೂಕ್ತ. ಗುಲಾಬಿ, ನೇರಳೆ ಬಣ್ಣದಲ್ಲಿ ಬೆಳಗುವ ದೀಪಗಳ ಬಗ್ಗೆ ಮೋಹ ಬೇಡ. ಬಿಳಿ ಎಲ್‌ಇಡಿಯಲ್ಲಿ ಗಿಡಕ್ಕೆ ಬೇಕಾದ ನೀಲಿ, ಕೆಂಪು ಎರಡೂ ಇರುತ್ತವೆ. ಜೊತೆಗೆ ನೇರಳೆ ಬೆಳಕಿನಡಿ ಎಲೆಯ ನಿಜವಾದ ಬಣ್ಣವೇ ಕಾಣುವುದಿಲ್ಲ. ರೋಗವನ್ನೂ ಪೋಷಕಾಂಶದ ಕೊರತೆಯನ್ನೂ ಎಲೆಯ ಬಣ್ಣ ನೋಡಿಯೇ ಗುರುತಿಸಬೇಕಾದವರಿಗೆ ಇದು ಸಣ್ಣ ತೊಂದರೆಯಲ್ಲ.

ಪಿಪಿಎಫ್‌ಡಿ ಅಳೆಯುವ ಮೀಟರ್ ದುಬಾರಿ. ಬಿಳಿ ಎಲ್‌ಇಡಿ ದೀಪವಾದರೆ ಸಾಧಾರಣ ಲಕ್ಸ್ ಮೀಟರ್ ತೋರಿಸುವ ಅಂಕಿಯನ್ನು 70ರಿಂದ ಭಾಗಿಸಿದರೆ ಅಂದಾಜು ಮೈಕ್ರೊಮೋಲ್ ಸಿಗುತ್ತದೆ. 28,000 ಲಕ್ಸ್ ಎಂದರೆ ಹತ್ತಿರಹತ್ತಿರ 400. ಅಳತೆಯನ್ನು ಗಿಡದ ತುದಿಯ ಎಲೆಗಳ ಮಟ್ಟದಲ್ಲೇ ಮಾಡಬೇಕು, ನಡುಮಧ್ಯದಲ್ಲಿ ಮಾತ್ರವಲ್ಲದೆ ನಾಲ್ಕು ಮೂಲೆಗಳಲ್ಲೂ ಮಾಡಬೇಕು. ಮೂಲೆಯ ಅಂಕಿ ನಡುವಿನದರ ಅರ್ಧಕ್ಕೆ ಇಳಿದಿರುವುದು ಅಪರೂಪವೇನಲ್ಲ. ಮೀಟರ್ ಇಲ್ಲದಿದ್ದರೂ ಗಿಡವೇ ಸುಳಿವು ಕೊಡುತ್ತದೆ. ಕಾಂಡ ದಾರದಂತೆ ಉದ್ದಕ್ಕೆ ಎಳೆದುಕೊಂಡು ಎಲೆಗಳ ನಡುವಿನ ಅಂತರ ಹೆಚ್ಚಿದರೆ ಬೆಳಕು ಸಾಲದು. ತುದಿಯ ಎಲೆಗಳ ಅಂಚು ಮೇಲಕ್ಕೆ ಮಡಚಿಕೊಂಡು, ದೀಪಕ್ಕೆ ಹತ್ತಿರವಿರುವ ಭಾಗವಷ್ಟೇ ಬಿಳಿಚಿಕೊಂಡಿದ್ದರೆ ಬೆಳಕು ಅತಿಯಾಗಿದೆ. ದೀಪವನ್ನು ಒಂದು ಗೇಣು ಮೇಲೆತ್ತಿ, ಹೊಸದಾಗಿ ಬರುವ ಎಲೆಗಳನ್ನು ಗಮನಿಸಬೇಕು. ಬಿಳಿಚಿದ ಹಳೆಯ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಗಾಬರಿಪಡುವ ಅಗತ್ಯವಿಲ್ಲ.

ಬಿಸಿ ಮತ್ತು ತೇವ: ಎರಡಲ್ಲ, ಒಂದೇ ಲೆಕ್ಕ

ಮೆಣಸಿನ ಬೀಜ ಮೊಳೆಯಲು 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು; ಆ ಬಿಸಿಯಿದ್ದರೆ ಒಂದೆರಡು ವಾರಗಳಲ್ಲಿ ಮೊಳಕೆ ಕಾಣುತ್ತದೆ. ಬೆಳೆಯುವ ಗಿಡಕ್ಕೆ ದೀಪ ಉರಿಯುವಾಗ 22ರಿಂದ 28, ಆರಿದ ಮೇಲೆ 18ರಿಂದ 20 ಡಿಗ್ರಿ ಹಿತ. ಹಗಲಿನ ಬಿಸಿ 32 ಡಿಗ್ರಿ ದಾಟುತ್ತಲೇ ಇದ್ದರೆ ಇಲ್ಲವೇ ರಾತ್ರಿ 15ಕ್ಕಿಂತ ಕೆಳಗಿಳಿದರೆ ಹೂಗಳು ಉದುರತೊಡಗುತ್ತವೆ. ದೀಪ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಟೆಂಟಿನೊಳಗೆ ಉಳಿಯುತ್ತದೆ ಎಂಬುದನ್ನು ನೆನಪಿಡಬೇಕು. 200 ವ್ಯಾಟ್ ದೀಪವೆಂದರೆ 200 ವ್ಯಾಟ್‌ನ ಹೀಟರ್ ಕೂಡ. ಸೆಖೆ ಹೆಚ್ಚಿರುವ ಕಾಲದಲ್ಲಿ ದೀಪ ಉರಿಯುವ ಅವಧಿಯನ್ನು ರಾತ್ರಿಗೆ ಬದಲಿಸಿದರೆ ಹಣ ಖರ್ಚಿಲ್ಲದೆ ಕೆಲವು ಡಿಗ್ರಿ ಇಳಿಯುತ್ತದೆ.

ತೇವಾಂಶದ ವಿಷಯದಲ್ಲಿ ಹೆಚ್ಚಿನವರು ಎಡವುವುದು ಶೇಕಡಾವಾರು ಅಂಕಿಯನ್ನು ಒಂಟಿಯಾಗಿ ನೋಡುವುದರಿಂದ. ಬಿಸಿ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ತಣ್ಣನೆಯ ಗಾಳಿ ಕಡಿಮೆ. ಹಾಗಾಗಿ 60 ಶೇಕಡಾ ಎಂಬ ಅಂಕಿಗೆ 20 ಡಿಗ್ರಿಯಲ್ಲಿ ಒಂದು ಅರ್ಥ, 30 ಡಿಗ್ರಿಯಲ್ಲಿ ಇನ್ನೊಂದು. ಗಾಳಿ ಎಲೆಯಿಂದ ನೀರನ್ನು ಎಷ್ಟು ಬಲವಾಗಿ ಸೆಳೆಯುತ್ತದೆ ಎಂಬುದನ್ನು ತೋರಿಸುವ ಅಳತೆಗೆ ಆವಿಯ ಒತ್ತಡದ ಕೊರತೆ, ಸಂಕ್ಷಿಪ್ತವಾಗಿ ವಿಪಿಡಿ, ಎನ್ನುತ್ತಾರೆ. 25 ಡಿಗ್ರಿಯಲ್ಲಿ ಗಾಳಿಯಲ್ಲಿ ನೀರಾವಿ ಪೂರ್ತಿ ತುಂಬಿದಾಗ ಆವಿಯ ಒತ್ತಡ 3.17 ಕಿಲೋಪಾಸ್ಕಲ್. ತೇವಾಂಶ 60 ಶೇಕಡಾ ಇದ್ದರೆ ಇನ್ನೂ 40 ಶೇಕಡಾ ಜಾಗ ಖಾಲಿಯಿದೆ. ವಿಪಿಡಿ ಸುಮಾರು 1.27 ಆಗುತ್ತದೆ. ಎಳೆಯ ಸಸಿಗಳಿಗೆ 0.4ರಿಂದ 0.8, ಬೆಳೆದ ಗಿಡಕ್ಕೆ 0.8ರಿಂದ 1.2 ಕಿಲೋಪಾಸ್ಕಲ್ ಸೂಕ್ತ ಎಂದು ಇಟ್ಟುಕೊಳ್ಳಬಹುದು. ಸಸಿಗಳಿಗೆ 70 ಶೇಕಡಾ, ದೊಡ್ಡ ಗಿಡಗಳಿಗೆ 60ರಿಂದ 65 ಎಂಬ ರೂಢಿಯ ಸಲಹೆ ಈ ಲೆಕ್ಕಕ್ಕೆ ಹತ್ತಿರವೇ ಇದೆ.

ಇಷ್ಟು ಸೂಕ್ಷ್ಮ ಏಕೆ ಎಂದರೆ, ಬೇರು ಹೀರಿದ ಕ್ಯಾಲ್ಸಿಯಂ ನೀರಿನ ಹರಿವಿನ ಜೊತೆಯಲ್ಲೇ ಮೇಲೇರುತ್ತದೆ. ಗಾಳಿ ತೀರಾ ತೇವವಾಗಿದ್ದರೆ ಎಲೆಯಿಂದ ನೀರು ಹೊರಹೋಗದೆ ಆ ಹರಿವು ನಿಧಾನವಾಗುತ್ತದೆ. ತೀರಾ ಒಣಗಿದ್ದರೆ ನೀರೆಲ್ಲ ಎಲೆಗಳ ಕಡೆಗೇ ಹೋಗಿ ಕಾಯಿಗೆ ಸಿಗುವ ಪಾಲು ಕಡಿಮೆಯಾಗುತ್ತದೆ. ಕಾಯಿಯ ತುದಿ ಕಂದಾಗಿ ಕೊಳೆತಂತೆ ಕಾಣುವ ತೊಂದರೆಗೆ ಬಹುತೇಕ ಸಲ ಕಾರಣ ಇದು, ಇಲ್ಲವೇ ನೀರು ಹಾಕುವುದರಲ್ಲಿನ ಏರುಪೇರು. ಹೀಗಿರುವಾಗ ಕ್ಯಾಲ್ಸಿಯಂ ಬಾಟಲಿಯನ್ನು ಇನ್ನಷ್ಟು ಸುರಿದು ಪ್ರಯೋಜನವಿಲ್ಲ.

ದೀಪ ಆರಿದ ಕೂಡಲೇ ನಡೆಯುವುದನ್ನು ವಿಶೇಷವಾಗಿ ಗಮನಿಸಬೇಕು. 25 ಡಿಗ್ರಿ, 60 ಶೇಕಡಾ ತೇವಾಂಶದ ಗಾಳಿ ಅದೇ ನೀರಾವಿಯೊಡನೆ 20 ಡಿಗ್ರಿಗೆ ತಣಿದರೆ ತೇವಾಂಶ 81 ಶೇಕಡಾಕ್ಕೆ ಜಿಗಿಯುತ್ತದೆ. 17 ಡಿಗ್ರಿಗೆ ಬಂದರೆ ಎಲೆಯ ಮೇಲೆ ಹನಿ ಕಟ್ಟುವ ಹಂತಕ್ಕೆ ತಲುಪಿರುತ್ತದೆ. ಹಗಲೆಲ್ಲ ಅಂಕಿ ಚೆನ್ನಾಗಿಯೇ ಇದ್ದರೂ ಎಲೆಗೆ ಶಿಲೀಂಧ್ರ ಹತ್ತುವ ಒಗಟಿಗೆ ಉತ್ತರ ಇಲ್ಲಿದೆ. ದಿನದ ಗರಿಷ್ಠ, ಕನಿಷ್ಠ ಎರಡನ್ನೂ ನೆನಪಿನಲ್ಲಿಟ್ಟುಕೊಳ್ಳುವ ಡಿಜಿಟಲ್ ಹೈಗ್ರೋಮೀಟರ್ (ತೇವಾಂಶ ಮಾಪಕ) ಕೊಂಡು, ಅದನ್ನು ದೀಪದ ನೇರ ಬೆಳಕು ಬೀಳದಂತೆ ಎಲೆಗಳ ಎತ್ತರದಲ್ಲಿ ತೂಗುಹಾಕಬೇಕು. ಸಂಜೆಯ ನೀರನ್ನು ಬಿಟ್ಟು, ದೀಪ ಹತ್ತಿದ ಬಳಿಕವೇ ನೀರುಣಿಸುವ ರೂಢಿ ಮಾಡಿಕೊಂಡರೆ ರಾತ್ರಿಯ ತೇವ ಗಣನೀಯವಾಗಿ ತಗ್ಗುತ್ತದೆ.

ಗಾಳಿ

ಎರಡು ಫ್ಯಾನ್‌ಗಳಿಗೆ ಎರಡು ಕೆಲಸ. ಎಕ್ಸಾಸ್ಟ್ ಫ್ಯಾನ್ ಟೆಂಟಿನ ಮೇಲ್ಭಾಗದಿಂದ ಬಿಸಿ ಮತ್ತು ತೇವದ ಗಾಳಿಯನ್ನು ಹೊರಹಾಕಿ, ಕೆಳಗಿನ ಕಿಂಡಿಯಿಂದ ಹೊಸ ಗಾಳಿ ಬರುವಂತೆ ಮಾಡುತ್ತದೆ. ಹೊರಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 420 ಭಾಗದಷ್ಟಿರುತ್ತದೆ. ಮುಚ್ಚಿದ ಟೆಂಟಿನಲ್ಲಿ ಗಿಡಗಳು ಅದನ್ನು ಬೇಗನೆ ಖಾಲಿಮಾಡುತ್ತವೆ. ಒಂದು ಮೀಟರ್ ಉದ್ದಗಲ, 1.8 ಮೀಟರ್ ಎತ್ತರದ ಟೆಂಟಿನ ಗಾಳಿ ನಿಮಿಷಕ್ಕೊಮ್ಮೆ ಬದಲಾಗಬೇಕೆಂದರೆ ಗಂಟೆಗೆ 108 ಘನ ಮೀಟರ್ ಸಾಮರ್ಥ್ಯ ಬೇಕು. ಒಳಗಿನ ಸಣ್ಣ ಫ್ಯಾನ್ ಎಲೆಗಳನ್ನು ಮೆಲ್ಲಗೆ ಅಲುಗಿಸಿದರೆ ಸಾಕು, ಗಿಡ ಬಗ್ಗುವಂತೆ ಬೀಸಬಾರದು.

ಕುಂಡ, ನೀರು, ಗೊಬ್ಬರ

ಹೊಲದ ಮಣ್ಣು ಕುಂಡದಲ್ಲಿ ಗಟ್ಟಿಯಾಗಿ ಕೂತು ಬೇರಿಗೆ ಉಸಿರಾಡಲು ಬಿಡುವುದಿಲ್ಲ. ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಮತ್ತು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಬೆರೆಸಿದ ಮಿಶ್ರಣ ಹಗುರವಾಗಿರುತ್ತದೆ. ಕೊಕೊಪೀಟಿನಲ್ಲಿ ಉಪ್ಪಿನಂಶವಿರುವ ಸಾಧ್ಯತೆ ಇರುವುದರಿಂದ ಮೊದಲು ಚೆನ್ನಾಗಿ ತೊಳೆದೇ ಬಳಸಬೇಕು. ಎಳೆಯ ಸಸಿಯನ್ನು ಸಣ್ಣ ಲೋಟದಲ್ಲಿ ಬೆಳೆಸಿ, ಬೇರು ತುಂಬಿದ ಮೇಲೆ ಹತ್ತರಿಂದ ಹದಿನೈದು ಲೀಟರ್ ಕುಂಡಕ್ಕೆ ದಾಟಿಸುವುದು ಕ್ರಮ. ಪುಟ್ಟ ಸಸಿ ಆರಂಭದಲ್ಲೇ ದೊಡ್ಡ ಕುಂಡದಲ್ಲಿದ್ದರೆ ಮಿಶ್ರಣ ದಿನಗಟ್ಟಲೆ ಒದ್ದೆಯಾಗಿಯೇ ಉಳಿದು ಬುಡ ಕೊಳೆಯುತ್ತದೆ.

ನೀರು ಯಾವಾಗ ಹಾಕಬೇಕು ಎಂಬುದಕ್ಕೆ ಕ್ಯಾಲೆಂಡರ್‌ಗಿಂತ ಕೈಯೇ ಮೇಲು. ನೀರು ಕುಡಿದ ಕುಂಡವನ್ನು ಒಮ್ಮೆ ಎತ್ತಿ ಭಾರವನ್ನು ಅಂದಾಜು ಮಾಡಿಕೊಂಡರೆ, ಅರ್ಧದಷ್ಟು ಹಗುರವಾದಾಗ ಮತ್ತೆ ಹಾಕಬೇಕೆಂದು ತಿಳಿಯುತ್ತದೆ. ಹಾಕುವಾಗ ತಳದಿಂದ ಹತ್ತನೆಯ ಒಂದು ಭಾಗ ಹೊರಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಜೋತುಬಿದ್ದ ಎಲೆ ನೀರಿನ ಕೊರತೆಯ ಗುರುತೇ ಆಗಬೇಕೆಂದಿಲ್ಲ. ಅತಿಯಾದ ನೀರಿನಲ್ಲಿ ಬೇರು ಉಸಿರುಗಟ್ಟಿದಾಗಲೂ ಎಲೆ ಹಾಗೆಯೇ ಜೋಲುತ್ತದೆ. ಕುಂಡ ಭಾರವಾಗಿದ್ದೂ ಎಲೆ ಜೋತಿದ್ದರೆ ನೀರಿನ ಪಾತ್ರೆಯನ್ನು ದೂರವಿಡಬೇಕು.

ಕೊಕೊಪೀಟ್ ಮಿಶ್ರಣಕ್ಕೆ ಹಾಕುವ ಗೊಬ್ಬರದ ದ್ರಾವಣದ ಪಿಎಚ್ (ಆಮ್ಲ-ಕ್ಷಾರ ಮಟ್ಟ) 5.8ರಿಂದ 6.3ರ ನಡುವೆ ಇದ್ದರೆ ಪೋಷಕಾಂಶಗಳು ಸುಲಭವಾಗಿ ಬೇರಿಗೆ ದಕ್ಕುತ್ತವೆ. ದ್ರಾವಣದಲ್ಲಿ ಕರಗಿರುವ ಲವಣಗಳ ಪ್ರಮಾಣವನ್ನು ಇಸಿ (ವಿದ್ಯುತ್ ವಾಹಕತೆ) ಮೀಟರ್ ಸೆಂಟಿಮೀಟರಿಗೆ ಮಿಲಿಸೀಮೆನ್ಸ್‌ಗಳಲ್ಲಿ ಹೇಳುತ್ತದೆ: ಸಸಿಗೆ 0.8ರಿಂದ 1, ಕಾಯಿ ಹೊತ್ತ ಗಿಡಕ್ಕೆ 2ರ ಆಸುಪಾಸು. ಮೊದಲು ಗೊಬ್ಬರ ಬೆರೆಸಿ, ಆಮೇಲೆ ಪಿಎಚ್ ಸರಿಪಡಿಸಬೇಕು. ಗೊಬ್ಬರವೇ ಪಿಎಚ್ ಅನ್ನು ಬದಲಿಸುವುದರಿಂದ ಮೊದಲೇ ಸರಿಪಡಿಸಿದ್ದು ವ್ಯರ್ಥವಾಗುತ್ತದೆ. ಶುದ್ಧೀಕರಿಸಿದ ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚುಕಡಿಮೆ ಇರುವುದೇ ಇಲ್ಲ, ಅವನ್ನು ಪ್ರತ್ಯೇಕವಾಗಿ ಸೇರಿಸಬೇಕಾಗುತ್ತದೆ. ಎಲೆಯ ತುದಿ ಸುಟ್ಟಂತಾದರೆ ಗೊಬ್ಬರ ಹೆಚ್ಚಾಗಿದೆ ಎಂದೇ ಮೊದಲು ಸಂಶಯಿಸಬೇಕು.

ತೊಂದರೆ ಕಂಡಾಗ ದೀಪದ ಎತ್ತರ, ಗೊಬ್ಬರ, ನೀರು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದೇ ಇಲ್ಲ. ಒಂದನ್ನು ಮಾತ್ರ ಬದಲಿಸಿ ನಾಲ್ಕೈದು ದಿನ ಕಾಯಬೇಕು. ಇದಕ್ಕೊಂದು ಅಪವಾದ ಕೀಟ. ಒಣ, ಬಿಸಿ ಗಾಳಿಯಲ್ಲಿ ಎಲೆಯ ಹಿಂಬದಿಗೆ ನುಸಿ ಹತ್ತುತ್ತದೆ. ಸದಾ ಒದ್ದೆಯಿರುವ ಮಿಶ್ರಣದಲ್ಲಿ ಸಣ್ಣ ಕಪ್ಪು ನೊಣಗಳು ಮೊಟ್ಟೆಯಿಡುತ್ತವೆ. ನೊಣಗಳಿಗೆ ಹಳದಿ ಅಂಟು ಹಾಳೆ ತೂಗುಹಾಕಿ ಮಿಶ್ರಣದ ಮೇಲ್ಪದರವನ್ನು ಒಣಗಲು ಬಿಡಬೇಕು, ನುಸಿಗೆ ಎಲೆಯ ಹಿಂಬದಿಯನ್ನು ನೀರಿನಿಂದ ರಭಸವಾಗಿ ತೊಳೆಯಬೇಕು. ಎರಡನ್ನೂ ಕಂಡ ದಿನವೇ ಮಾಡಬೇಕು.

ನೀರು ಮತ್ತು ವಿದ್ಯುತ್ ಒಂದೇ ಟೆಂಟಿನಲ್ಲಿರುವುದರಿಂದ ಪ್ಲಗ್ ಪಟ್ಟಿಯನ್ನು ನೆಲದಲ್ಲಿಡದೆ ಎತ್ತರಕ್ಕೆ ಕಟ್ಟಬೇಕು. ಸೋರಿಕೆಯಾದರೆ ತಕ್ಷಣ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಇರುವ ಸಂಪರ್ಕವನ್ನೇ ಬಳಸಬೇಕು.

ಹೂವಿನಿಂದ ಕಾಯಿಗೆ

ಮೆಣಸಿನ ಹೂವಿನಲ್ಲಿ ಗಂಡು, ಹೆಣ್ಣು ಭಾಗಗಳು ಒಟ್ಟಿಗೇ ಇರುವುದರಿಂದ ದುಂಬಿಗಳಿಲ್ಲದೆಯೂ ಪರಾಗಸ್ಪರ್ಶ ಆಗುತ್ತದೆ. ಹೊರಗಡೆ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಬೆರಳು ಮಾಡಬೇಕು: ದೀಪ ಹತ್ತಿದ ಒಂದೆರಡು ಗಂಟೆಗಳ ಮೇಲೆ, ಅರಳಿದ ಹೂಗಳ ತೊಟ್ಟನ್ನು ದಿನಕ್ಕೊಮ್ಮೆ ಮೆಲ್ಲಗೆ ತಟ್ಟಿದರೆ ಪುಡಿ ಉದುರುತ್ತದೆ. ತೇವ ತೀರಾ ಹೆಚ್ಚಿದ್ದರೆ ಪರಾಗ ಮುದ್ದೆಗಟ್ಟಿ ಉದುರುವುದೇ ಇಲ್ಲ, ಆದ್ದರಿಂದ ಈ ಹಂತದಲ್ಲಿ ತೇವಾಂಶವನ್ನು 60 ಶೇಕಡಾದ ಆಸುಪಾಸಿನಲ್ಲಿ ಇಡಬೇಕು. ಗಿಡ ಇನ್ನೂ ಗೇಣುದ್ದ ಇರುವಾಗಲೇ ಬಂದ ಮೊದಲ ಹೂಗಳನ್ನು ಚಿವುಟಿ ಹಾಕಿದರೆ ರೆಂಬೆಗಳು ಹೆಚ್ಚಿ ಮುಂದೆ ಕಾಯಿ ಹೆಚ್ಚು ಬರುತ್ತದೆ. ಕಾಯಿ ಬಲಿತ ಮೇಲೆ ಅದನ್ನು ಜಗ್ಗಿ ಕೀಳದೆ ತೊಟ್ಟಿನ ಸಮೇತ ಕತ್ತರಿಯಿಂದ ಕತ್ತರಿಸಬೇಕು, ಮೆಣಸಿನ ರೆಂಬೆ ಸುಲಭವಾಗಿ ಸೀಳಿಹೋಗುತ್ತದೆ. ಹಸಿರಾಗಿದ್ದಾಗಲೇ ಕೊಯ್ಯುತ್ತ ಬಂದರೆ ಗಿಡ ಹೊಸ ಹೂ ಬಿಡುತ್ತಲೇ ಇರುತ್ತದೆ. ಎಲ್ಲವನ್ನೂ ಕೆಂಪಾಗಲು ಬಿಟ್ಟರೆ ಹೊಸ ಹೂ ಬರುವುದು ನಿಧಾನವಾಗುತ್ತದೆ.