ಅಳತೆ ಪುಸ್ತಕ ಗೆಲ್ಲಿಸಿದ ನನ್ನ ಎಂವಿಸಿ ಕೇಸ್

ನನ್ನ ಎಂವಿಸಿ ಕೇಸಿನ, ಅಂದರೆ ವಾಹನ ಅಪಘಾತದ ಪರಿಹಾರ ಕೇಸಿನ, ಅವಾರ್ಡ್ ದುಡ್ಡು (ಕೋರ್ಟ್ ಕೊಡಿಸಿದ ಪರಿಹಾರ) ಕೋರ್ಟಿಗೆ ಜಮಾ ಆಯ್ತು ಅಂತ ವಕೀಲರು ಹೇಳಿದ ದಿನ ನಾನು ಮೊದಲು ಫೋನ್ ಮಾಡಿದ್ದು ನಮ್ಮ ಭಾವನಿಗೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮೂರೂಕಾಲು ಲಕ್ಷ ಕೊಡ್ತಾರೆ, ತಗೊಂಡು ಸುಮ್ನಿರು ಅಂದವರಲ್ಲಿ ಅವರೇ ಮೊದಲಿಗರು. "ಭಾವ, ಬಡ್ಡಿ ಸೇರಿ ಹತ್ತಿರ ಹತ್ತಿರ 13 ಲಕ್ಷ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಎಫ್‌ಐಆರ್, ಮಹಜರು, ಐಎಂವಿ ವರದಿ (ವಾಹನ ಪರೀಕ್ಷೆಯ ವರದಿ), ಚಾರ್ಜ್‌ಶೀಟ್ ಇವೆಲ್ಲ ಇಂಥ ಕೇಸ್ ಹಾಕಿದವರಿಗೆ ಗೊತ್ತೇ ಇರುತ್ತವೆ. ಅದನ್ನು ಬಿಡುತ್ತೇನೆ.

ನಾನು ದಾವಣಗೆರೆಯಲ್ಲಿ ಟೈಲರ್. 2019ರಲ್ಲಿ ಚಿಕ್ಕಪೇಟೆಯಿಂದ ಲೈನಿಂಗ್ ಬಟ್ಟೆ ತಗೊಂಡು ರಾತ್ರಿ ಸ್ಲೀಪರ್ ಕೋಚ್‌ನಲ್ಲಿ ವಾಪಸ್ ಬರುತ್ತಿದ್ದೆ. ಹಿರಿಯೂರು ಇನ್ನೂ ಬಂದಿರಲಿಲ್ಲ, ಬೆಳಗಿನ ಜಾವ ಮೂರೂವರೆ ಇರಬೇಕು, ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಬಸ್ಸು ಹಿಂದಿನಿಂದ ಗುದ್ದಿತು. ಬಲಗಾಲಿನ ಪಾದದ ಕೀಲಿನ ಹತ್ತಿರ ಎರಡು ಕಡೆ ಮೂಳೆ ಮುರಿದು ಪ್ಲೇಟ್, ಸ್ಕ್ರೂ ಹಾಕಿದರು. ಆಗ ನನಗೆ 38.

ಮೊದಲ ಪೆಟ್ಟು ಆಸ್ಪತ್ರೆಯಲ್ಲೇ ಬಿತ್ತು. ಆಪರೇಷನ್ ಮಾಡಿದ ಎರಡನೇ ಆಸ್ಪತ್ರೆಯ ಕೇಸ್ ಶೀಟ್‌ನಲ್ಲಿ ಯಾರೋ "ಬಿದ್ದು ಗಾಯ" ಅಂತ ಬರೆದಿದ್ದರು. ನಾನು ನೋಡಲೇ ಇಲ್ಲ. ಒಂದೂವರೆ ವರ್ಷ ಆದ ಮೇಲೆ ಇನ್ಶೂರೆನ್ಸ್ ವಕೀಲರು ಕ್ರಾಸ್‌ನಲ್ಲಿ (ಪಾಟಿ ಸವಾಲಿನಲ್ಲಿ) ಅದನ್ನೇ ಹಿಡಿದರು. ಇವರು ಆ ಬಸ್ಸಿನಲ್ಲಿ ಇರಲೇ ಇಲ್ಲ ಅನ್ನೋದು ಅವರ ವಾದ. ಟಿಕೆಟ್ ಇದ್ದದ್ದು ಫೋನಿನ ಮೆಸೇಜ್‌ನಲ್ಲಿ. ಪ್ರಿಂಟ್ ಹಾಕಿಸಿ ಕೊಟ್ಟರೆ ಅದಕ್ಕೂ ಆಕ್ಷೇಪಣೆ. ಕೊನೆಗೆ 65ಬಿ ಸರ್ಟಿಫಿಕೇಟ್ (ಫೋನ್, ಕಂಪ್ಯೂಟರ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡಲು ಬೇಕಾದದ್ದು) ಕೊಟ್ಟು, ಮೊದಲ ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ಜೊತೆ ತೋರಿಸಿದ ಮೇಲೆ ಅವರ ಆ ವಾದ ಬಿದ್ದುಹೋಯಿತು. (ಈಗ ಸಾಕ್ಷ್ಯ ಕಾಯ್ದೆ ಬದಲಾಗಿ ಅದು ಕಲಂ 63 ಆಗಿದೆ.) ಡಿಸ್ಚಾರ್ಜ್ ಆಗುವ ಮೊದಲು ಕೇಸ್ ಶೀಟ್ ಓದಿಸಿಕೊಳ್ಳಿ. ಅಲ್ಲೇ ಕೂತು ಓದಿಸಿಕೊಳ್ಳಿ.

ಇನ್ನೊಂದು ನಷ್ಟ ಮೆಡಿಕಲ್ ಶಾಪ್ ಬಿಲ್‌ಗಳದ್ದು. ಆ ನುಣುಪು ಕಾಗದದ ಬಿಲ್‌ಗಳನ್ನು ಕವರ್‌ನಲ್ಲಿ ಹಾಕಿಟ್ಟಿದ್ದೆ. ಎಲ್ಲ ಅಳಿಸಿ ಬಿಳಿ ಚೀಟಿ ಆಗಿದ್ದವು. 14 ಸಾವಿರದಷ್ಟು ಹೋಯಿತು.

ವಾರ್ಡಿಗೇ ಒಬ್ಬ ಬಂದು, ನೀವು ಸೈನ್ ಹಾಕಿ ಸಾಕು, ಬಂದದ್ದರಲ್ಲಿ ನೂರಕ್ಕೆ 30 ನಮಗೆ ಅಂದಿದ್ದ. ನಾನು ಒಪ್ಪಲಿಲ್ಲ. ಪರಿಚಯದ ವಕೀಲರ ಹತ್ತಿರ ಹೋಗಿ 40 ಸಾವಿರಕ್ಕೆ ಮಾತಾಡಿದೆ, ನಾಲ್ಕು ಕಂತು. ಅದು ಬಿಟ್ಟು ಓಡಾಟ, ಜೆರಾಕ್ಸ್, ಡಾಕ್ಟರ ಸಾಕ್ಷಿ ಅಂತ ಇನ್ನೊಂದು 15 ಸಾವಿರ ಆಗಿರಬೇಕು. ವಾರ್ಡಿಗೆ ಬಂದಿದ್ದವನಿಗೆ ಕೊಟ್ಟಿದ್ದರೆ ಎಷ್ಟಾಗುತ್ತಿತ್ತು, ನೀವೇ ಲೆಕ್ಕ ಹಾಕಿ. ಕೇಸನ್ನು ದಾವಣಗೆರೆಯಲ್ಲೇ ಹಾಕಿದೆವು. ನಾವು ವಾಸ ಇರುವ ಕಡೆ ಹಾಕಬಹುದು, ಅಪಘಾತ ಆದ ಊರಿಗೆ ಅಲೆಯಬೇಕಾಗಿಲ್ಲ. ಆಗ ಕೇಸ್ ಹಾಕಲು ಗಡುವು ಇರಲಿಲ್ಲ, ನಾನು ನಿಧಾನ ಮಾಡಿದರೂ ನಡೆಯಿತು. 2022ರ ಏಪ್ರಿಲ್‌ನಿಂದ ಕಾಯ್ದೆಯಲ್ಲಿ 6 ತಿಂಗಳ ಗಡುವು ಬಂದಿದೆ, ಹೊಸಬರು ಕಾಯಬೇಡಿ.

ತಪ್ಪು ಅರ್ಧ ಲಾರಿಯದ್ದು, ಆದ್ದರಿಂದ ನಾವು ಅರ್ಧ ಮಾತ್ರ ಕೊಡುತ್ತೇವೆ ಅಂತಲೂ ಬಸ್ಸಿನ ಇನ್ಶೂರೆನ್ಸ್‌ನವರು ವಾದ ಮಾಡಿದರು. ನಾನು ಮಲಗಿದ್ದ ಪ್ರಯಾಣಿಕ, ನನ್ನ ತಪ್ಪು ಏನಿದೆ? ಇಂಥ ಕಡೆ ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ವಸೂಲಿ ಮಾಡಬಹುದು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಖೆನೈ ಕೇಸಿನಲ್ಲಿ ಹೇಳಿದೆ. ವಕೀಲರು ಅದನ್ನು ಕೊಟ್ಟರು, ಅಲ್ಲಿಗೆ ಮುಗಿಯಿತು.

ನಿಜವಾದ ಜಗ್ಗಾಟ ಇದ್ದದ್ದು ಎರಡೇ ವಿಷಯಕ್ಕೆ, ಆದಾಯ ಮತ್ತು ಅಂಗವೈಕಲ್ಯದ ಶೇಕಡಾ. ಡಾಕ್ಟರು ಕಾಲಿಗೆ 36 ಅಂದರು. ಅದರ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುವುದು ನಮ್ಮಲ್ಲಿ ರೂಢಿ. ಅಂದರೆ 12. ಐಟಿ ರಿಟರ್ನ್ ಇಲ್ಲದವರಿಗೆ ಕೋರ್ಟ್ ಅಂದಾಜಿನ ಆದಾಯ ಹಿಡಿಯುತ್ತದೆ. ಆ ಎರಡನ್ನೂ ಒಪ್ಪಿಕೊಂಡರೆ ದುಡಿಮೆ ನಷ್ಟಕ್ಕೆ ಮೂರು ಲಕ್ಷದ ಆಸುಪಾಸು ಸಿಗುತ್ತದೆ ಅಷ್ಟೇ, ಅದಾಲತ್‌ನವರು ಹೇಳಿದ್ದೂ ಅದೇ ಲೆಕ್ಕ.

ಆದರೆ ಟೈಲರ್‌ಗೆ ಕಾಲೇ ಕೈ. ನೂರರಲ್ಲಿ 12 ಹೋಯಿತು ಅನ್ನೋಕೆ ಆಗುತ್ತಾ? ಹೊಲಿಗೆ ಅಂಗಡಿಯಲ್ಲಿ ಅಳತೆ ಪುಸ್ತಕ ಇದ್ದೇ ಇರುತ್ತದೆ, ಗಿರಾಕಿ ಹೆಸರು, ಅಳತೆ, ಕೊಡುವ ದಿನ, ಕೂಲಿ. ಅಪಘಾತಕ್ಕೆ ಮುಂಚಿನ ಎರಡು ವರ್ಷದ ಪುಸ್ತಕಗಳನ್ನು ತೆಗೆದು, ಹೆಂಡತಿ ಕೂತು ತಿಂಗಳು ತಿಂಗಳು ಕೂಡಿಸಿದಳು. ಖರ್ಚು ಕಳೆದು 18 ಸಾವಿರದ ಆಸುಪಾಸು ಬಂತು. ಅಂಗಡಿ ಬಾಡಿಗೆ ರಸೀದಿ, ಕರೆಂಟ್ ಬಿಲ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿಟ್ಟೆವು. ಪುಸ್ತಕ ನಮ್ಮದೇ ಕೈಬರಹ, ಕೋರ್ಟ್ ನಂಬಲ್ಲ ಅಂತ ವಕೀಲರೇ ಹೇಳಿದ್ದರು. ಅದನ್ನು ಯಾರ ಮೂಲಕ ಸಾಬೀತು ಮಾಡಿಸಿದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಓದುವವರಲ್ಲಿ ಇನ್ಶೂರೆನ್ಸ್ ಕಡೆಯವರೂ ಇರುತ್ತಾರೆ.

ಹೊಲಿಗೆ ಮೆಷಿನ್‌ಗೆ ಮೋಟಾರ್ ಹಾಕಿಸಿಕೊಂಡರೆ ಪೆಡಲ್ ತುಳಿಯೋ ಕಷ್ಟ ಇಲ್ಲವಲ್ಲ ಅಂತ ಇನ್ಶೂರೆನ್ಸ್ ವಕೀಲರು ಕೇಳೇ ಕೇಳುತ್ತಾರೆ ಅಂತ ನನಗೆ ಮೊದಲೇ ಗೊತ್ತಿತ್ತು. ಹಾಗಾಗಿ ಮುಂಚೆಯೇ ಎರಡು ಸಾವಿರದ ಒಳಗೆ ಒಂದು ಮೋಟಾರ್ ತಂದು ಹಾಕಿ ನೋಡಿದೆ. ಮೋಟಾರ್‌ಗೆ ತುಳಿಯುವುದು ಬೇಡ ನಿಜ, ಆದರೆ ಒತ್ತುವ ಹದ ಪಾದದ ತುದಿಯಲ್ಲೇ ಇರಬೇಕು. ನನ್ನ ಬಲ ಪಾದ ಅರ್ಧ ಮಾತ್ರ ಬಾಗುತ್ತದೆ. ಮೆಷಿನ್ ಒಮ್ಮೆಲೇ ಓಡಿಬಿಡುತ್ತದೆ. ಒಂದು ರೇಷ್ಮೆ ಬ್ಲೌಸ್ ಪೀಸ್ ಹಾಳಾಗಿ 900 ರೂಪಾಯಿ ಕಟ್ಟಿಕೊಟ್ಟೆ. ಎಡಗಾಲಿಗೆ ಬದಲಾಯಿಸಿದೆ, ನೇರ ಹೊಲಿಗೆ ಬಂತು, ಕುತ್ತಿಗೆ ತಿರುವು ಬರಲೇ ಇಲ್ಲ. ಎರಡು ತಿಂಗಳು ದಿನಾ ಎಷ್ಟು ಬ್ಲೌಸ್ ಆಯ್ತು ಅಂತ ಬರೆದಿಟ್ಟೆ. ಮೊದಲು 9 ಆಗುತ್ತಿದ್ದದ್ದು ಈಗ 5, ಚೆನ್ನಾಗಿ ನಡೆದ ದಿನ 6. ಕ್ರಾಸ್‌ನಲ್ಲಿ ಆ ಪ್ರಶ್ನೆ ಬಂತು, ನಾನು ಆ ಲೆಕ್ಕ ಹೇಳಿದೆ. ಮುಂದಿನ ಪ್ರಶ್ನೆಗೆ ಹೋಗಿಬಿಟ್ಟರು. ಆ ಉತ್ತರ ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ.

ಸುಪ್ರೀಂ ಕೋರ್ಟಿನ 2011ರ ರಾಜ್‌ಕುಮಾರ್ ಕೇಸಿನ ತೀರ್ಪು ಹೇಳುವುದೂ ಇದನ್ನೇ. ದೇಹಕ್ಕೆ ಎಷ್ಟು ಪೆಟ್ಟು ಅನ್ನೋದಲ್ಲ, ಅವನ ದುಡಿಮೆಗೆ ಎಷ್ಟು ಪೆಟ್ಟು ಅನ್ನೋದನ್ನು ನೋಡಬೇಕು. ಕೋರ್ಟ್ 18 ಸಾವಿರ ಒಪ್ಪಿತು, ಶೇಕಡಾ 20 ಹಿಡಿಯಿತು. 38ರ ವಯಸ್ಸಿಗೆ ಗುಣಕ 15, ಅಂದರೆ ವರ್ಷದ ನಷ್ಟವನ್ನು 15ರಿಂದ ಗುಣಿಸುತ್ತಾರೆ. ಅದೊಂದೇ ಬಾಬ್ತಿಗೆ 6 ಲಕ್ಷ 48 ಸಾವಿರ. ಆಸ್ಪತ್ರೆ ಖರ್ಚು ಎರಡು ಲಕ್ಷದಷ್ಟು, ಐದು ತಿಂಗಳ ಸಂಪಾದನೆ, ನೋವು, ಓಡಾಟ ಎಲ್ಲ ಸೇರಿ 11 ಲಕ್ಷ ದಾಟಿತು. ಬಡ್ಡಿ ವರ್ಷಕ್ಕೆ ಶೇಕಡಾ 6, ಅರ್ಜಿ ಹಾಕಿದ ದಿನದಿಂದ. ಮುಂದಿನ ಚಿಕಿತ್ಸೆಗೆ ಕೊಟ್ಟ 30 ಸಾವಿರಕ್ಕೆ ಮಾತ್ರ ಬಡ್ಡಿ ಇಲ್ಲ. ಪ್ಲೇಟ್ ತೆಗೆಸಲು ನನಗೆ ಖರ್ಚಾದದ್ದು 48 ಸಾವಿರ.

ಭವಿಷ್ಯದ ಆದಾಯ ಹೆಚ್ಚಳ (ಮುಂದೆ ದುಡಿಮೆ ಏರುತ್ತಿತ್ತು ಅಂತ ಆದಾಯಕ್ಕೆ ಸೇರಿಸುವುದು) ಕೊಡಲಿಲ್ಲ. ಗಾಯಾಳುಗಳಿಗೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಾನು ಮೇಲ್ಮನವಿಗೆ ಹೋಗದೆ 90 ದಿನದ ಗಡುವು ಬಿಟ್ಟುಬಿಟ್ಟೆ. ಈಗಲೂ ಅದು ಚುಚ್ಚುತ್ತದೆ.

ನನಗೆ ದುಡ್ಡು ಬಂದಾಗ, ಬಡ್ಡಿ 50 ಸಾವಿರ ದಾಟಿದರೆ ಟಿಡಿಎಸ್ (ಕೊಡುವಾಗಲೇ ಕಡಿಯುವ ತೆರಿಗೆ) ಹಿಡಿಯುತ್ತಿದ್ದರು. ಪಾನ್ ಕೊಟ್ಟಿದ್ದರಿಂದ ನನಗೆ ಶೇಕಡಾ 10, ಇಲ್ಲದಿದ್ದರೆ 20 ಆಗುತ್ತಿತ್ತು. 19 ಸಾವಿರ ಹೋಗಿತ್ತು, ರಿಟರ್ನ್ ಹಾಕಿ ವಾಪಸ್ ತಗೊಂಡೆ. ಸುಮಾರು ಕಾಲು ಭಾಗ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರು.

ಅಳತೆ ಪುಸ್ತಕಗಳು ಇನ್ನೂ ಕೋರ್ಟಿನ ಫೈಲಿನಲ್ಲೇ ಇವೆ. ವಾಪಸ್ ಕೇಳಿ ಅರ್ಜಿ ಕೊಟ್ಟಿದ್ದೇನೆ. ಹಳೇ ಗಿರಾಕಿಗಳ ಅಳತೆಗಳೆಲ್ಲ ಅದರಲ್ಲೇ ಇವೆ, ದೀಪಾವಳಿ ಹೊಲಿಗೆ ಶುರು ಆಗುವುದರೊಳಗೆ ಬೇಕು.