14 ತಿಂಗಳಲ್ಲಿ 13 ಕಿಲೊ: ನನ್ನ ಅನುಭವ

ತೂಕ ಇಳಿಸುವ ನನ್ನ ಮೊದಲ ಪ್ರಯತ್ನ ಐದೇ ವಾರ ನಡೆಯಿತು. ರಾತ್ರಿಯ ಊಟವನ್ನು ಪೂರ್ತಿ ಬಿಟ್ಟು, ಹಗಲಿನಲ್ಲೂ ಅರೆಹೊಟ್ಟೆಯಲ್ಲಿದ್ದು 6 ಕಿಲೊ ಇಳಿಸಿದೆ; ಮುಂದಿನ ನಾಲ್ಕು ತಿಂಗಳಲ್ಲಿ ಆ 6 ಕಿಲೊ ಹಿಂದಿರುಗಿದ್ದಲ್ಲದೆ, ಬರುವಾಗ ಇನ್ನೆರಡನ್ನು ಜೊತೆಗೆ ಕರೆತಂದಿತು. ಹೀಗೆ 86 ಕಿಲೊ ಮುಟ್ಟಿದ ಮೇಲೆ, ಎರಡನೆಯ ಸಲ, ಏನನ್ನಾದರೂ ಬಿಡುವ ಮೊದಲು ನಾನು ನಿಜವಾಗಿ ಎಷ್ಟು ತಿನ್ನುತ್ತಿದ್ದೇನೆಂದು ಅಳೆದು ನೋಡಲು ನಿರ್ಧರಿಸಿದೆ.

ಅಡುಗೆಗೆ ಎಣ್ಣೆಯನ್ನು ನಾನು ಯಾವಾಗಲೂ ಕೈ ಅಂದಾಜಿನಲ್ಲೇ ಹಾಕುತ್ತಿದ್ದೆ. ಒಂದು ದಿನ ಬಾಣಲೆಗೆ ಬಗ್ಗಿಸುವಷ್ಟನ್ನೇ ಬಟ್ಟಲಿಗೆ ಬಗ್ಗಿಸಿ, ಅದನ್ನು 15 ಮಿಲಿಲೀಟರಿನ ಅಳತೆ ಚಮಚದಲ್ಲಿ ಎತ್ತಿ ಎಣಿಸಿದೆ. ನಾಲ್ಕು ಚಮಚ ತುಂಬಿದ ಮೇಲೂ ತಳದಲ್ಲಿ ತೆಳುವಾಗಿ ಒಂದಿಷ್ಟು ಉಳಿದಿತ್ತು. ಅಂಥ ಒಂದು ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ನಮ್ಮ ಮನೆಯಲ್ಲಿ ಮೂವರು, ದಿನಕ್ಕೆ ಎರಡು ಹೊತ್ತಿನ ಅಡುಗೆ. ನಾಲ್ಕನ್ನು ಎರಡಕ್ಕೆ ಇಳಿಸಿದಾಗ ನನ್ನೊಬ್ಬನ ಪಾಲಿನಲ್ಲೇ ದಿನಕ್ಕೆ 160 ಕ್ಯಾಲೊರಿ ಕಡಿಮೆಯಾಯಿತು, ಮತ್ತು ರುಚಿ ಬದಲಾಗಿದೆ ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಎರಡೆರಡು ಟೀ ಚಮಚ ಸಕ್ಕರೆ ಹಾಕಿಕೊಂಡು ಕುಡಿಯುತ್ತಿದ್ದ ನಾಲ್ಕು ಲೋಟ ಚಹಾ, ಒಂದೊಂದು ಚಮಚದ ಎರಡು ಲೋಟವಾಯಿತು. ಇದಕ್ಕೆ ಮಾತ್ರ ಮೂರು ವಾರ ಗೊಣಗಿದೆ.

ಒಂದು ಕಿಲೊ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಸಂಗ್ರಹವಾಗಿರುತ್ತದೆ. ಆ ಲೆಕ್ಕದಲ್ಲಿ, 14 ತಿಂಗಳಲ್ಲಿ ನಾನು ಇಳಿಸಿದ 13 ಕಿಲೊವನ್ನು ದಿನಗಳಿಗೆ ಹಂಚಿದರೆ ದಿನವೊಂದಕ್ಕೆ 240 ಕ್ಯಾಲೊರಿಯಷ್ಟೂ ಆಗುವುದಿಲ್ಲ. ಇಷ್ಟು ಸಣ್ಣ ಕಡಿತವಾದ್ದರಿಂದಲೇ ನನಗೆ ಹಸಿವು ಕಾಡಲಿಲ್ಲ. ತಟ್ಟೆಯ ಅರ್ಧ ಭಾಗಕ್ಕೆ ತರಕಾರಿಯನ್ನೂ, ಪ್ರತಿ ಊಟದಲ್ಲಿ ಬೇಳೆಕಾಳು ಅಥವಾ ಮೊಟ್ಟೆಯನ್ನೂ ಇಟ್ಟುಕೊಂಡದ್ದು ಹೊಟ್ಟೆ ತುಂಬಿದ ಭಾವನೆಯನ್ನು ಹೆಚ್ಚು ಹೊತ್ತು ಉಳಿಸಿತು.

ವ್ಯಾಯಾಮದಲ್ಲಿ ನಾನು ಎಡವಿದ್ದು ಮೊದಲ ವಾರದಲ್ಲೇ. 86 ಕಿಲೊದ ದೇಹವನ್ನು ಹೊತ್ತು ಓಡಲು ಹೋಗಿ ಮಂಡಿ ಊದಿಸಿಕೊಂಡು ಎರಡು ವಾರ ಕುಳಿತೆ. ಆಮೇಲೆ ವಾರಕ್ಕೆ ಐದು ದಿನ, ಮೂವತ್ತು ನಿಮಿಷ, ಮಾತನಾಡಲು ಆಗಬೇಕು ಆದರೆ ಹಾಡಲು ಆಗಬಾರದು ಎನ್ನುವಷ್ಟು ಬಿರುಸಾಗಿ ನಡೆದೆ; ವಾರಕ್ಕೆ ಕನಿಷ್ಠ 150 ನಿಮಿಷ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇದರಲ್ಲೇ ಪೂರೈಸುತ್ತದೆ. ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಊರಿ ದಂಡ ತೆಗೆಯುವುದು; ಕುರ್ಚಿ ಬಿಟ್ಟು ಬಸ್ಕಿ ಹೊಡೆಯಲು ನಾಲ್ಕು ತಿಂಗಳು ಬೇಕಾಯಿತು. ತೂಕ ಇಳಿಯುವಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಅದನ್ನು ತಡೆಯಲು ಇಂಥ ಶ್ರಮದ ಕಸರತ್ತು ಬೇಕು, ಮತ್ತು ನನ್ನ ಮೊದಲ ಪ್ರಯತ್ನದಲ್ಲಿ ಇದು ಇರಲೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ತೂಕವನ್ನು ಇಳಿಸಿದ್ದು ಹೆಚ್ಚಾಗಿ ಊಟ. ಇಳಿದದ್ದನ್ನು ಹಿಡಿದು ನಿಲ್ಲಿಸಿದ್ದು ವ್ಯಾಯಾಮ.

ಬೆಳಿಗ್ಗೆ ಶೌಚ ಮುಗಿಸಿ, ಏನನ್ನೂ ಕುಡಿಯುವ ಮೊದಲು ತೂಕ ನೋಡಿ ಬರೆದಿಡುತ್ತಿದ್ದೆ. ಉಪ್ಪು ಹೆಚ್ಚಾಗಿದ್ದ ಊಟದ ಮರುದಿನ 1.2 ಕಿಲೊ ಏರಿದ್ದನ್ನು ಕಂಡು ಗಾಬರಿಯಾದದ್ದುಂಟು. ಅದು ದೇಹ ಹಿಡಿದಿಟ್ಟುಕೊಂಡ ನೀರು. ಮೊದಲ ವಾರದಲ್ಲೇ ಇಳಿದು ನನ್ನನ್ನು ಹಿಗ್ಗಿಸಿದ್ದ 1.8 ಕಿಲೊದಲ್ಲಿಯೂ ಬಹುಪಾಲು ನೀರೇ. ಅಲ್ಲಿಂದ ಮುಂದೆ ಆಯಾ ದಿನದ ಅಂಕಿಯನ್ನು ಬದಿಗಿಟ್ಟು, ಭಾನುವಾರ ಏಳು ದಿನಗಳ ಸರಾಸರಿಯನ್ನು ಮಾತ್ರ ನಂಬಿದೆ.

ಆ ಸರಾಸರಿ 79ರಲ್ಲಿ ಏಳು ವಾರ ಅಲುಗದೆ ನಿಂತಿತು. ಹಗುರವಾದ ದೇಹಕ್ಕೆ ಬೇಕಾಗುವ ಆಹಾರವೂ ಕಡಿಮೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು, ತಿಂದದ್ದನ್ನೆಲ್ಲ ನಾಲ್ಕು ದಿನ ಬಿಡದೆ ಬರೆದಾಗ ಕಂಡುಕೊಂಡೆ: ಮಗನ ತಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ ನಿಂತಲ್ಲೇ ತಿಂದು ಮುಗಿಸುತ್ತಿದ್ದೆ, ಅದು ಊಟವೆಂದು ನನಗೆ ಅನ್ನಿಸಿಯೇ ಇರಲಿಲ್ಲ. ಅವನಿಗೆ ಮೊದಲೇ ಕಡಿಮೆ ಬಡಿಸಿ, ಬೇಕೆಂದರೆ ಮತ್ತೆ ಹಾಕುವುದಕ್ಕೆ ಶುರುಮಾಡಿದೆವು. ನನ್ನ ನಡಿಗೆಗೂ ಹತ್ತು ನಿಮಿಷ ಸೇರಿಸಿದೆ. ಸರಾಸರಿ ಮತ್ತೆ ಇಳಿಯತೊಡಗಿತು.

73ಕ್ಕೆ ಬಂದು ಈಗ ಎರಡು ವರ್ಷವಾಗಿದೆ. ವಾರದ ಸರಾಸರಿ 75 ದಾಟಿದರೆ ಮತ್ತೆ ಅಳೆಯಬೇಕೆಂಬುದು ನಾನೇ ಹಾಕಿಕೊಂಡಿರುವ ಕಟ್ಟಳೆ. ಕಳೆದ ತಿಂಗಳು ಅದು 75.3 ತೋರಿಸಿದಾಗ ಚಮಚಕ್ಕಾಗಿ ಹುಡುಕಿದೆ. ಅಡುಗೆಮನೆಯ ಡಬ್ಬಗಳ ಹಿಂದೆ ಧೂಳು ಹಿಡಿದು ಬಿದ್ದಿತ್ತು.