ಮುರುಗಲು: ಗಂಡೋ ಹೆಣ್ಣೋ, ನೆಟ್ಟಗೋ ಅಡ್ಡವೋ

ಮುರುಗಲು ಗಿಡ ಮಾಡುತ್ತೇನೆ ಅಂತ ಗೊತ್ತಾದ ಮೇಲೆ ಮನೆಗೆ ಬರುವವರೆಲ್ಲ ಮೊದಲು ಕೇಳುವುದು ಒಂದೇ: ಎಷ್ಟು ವರ್ಷಕ್ಕೆ ಕಾಯಿ ಬಿಡುತ್ತದೆ? ನಾನು ತಿರುಗಿ ಕೇಳುವುದು ಎರಡು. ನೀವು ನೆಡುವ ಗಿಡ ಹೆಣ್ಣು ಅಂತ ಖಾತ್ರಿ ಇದೆಯಾ? ಕಸಿ ಗಿಡವಾದರೆ, ಕಡ್ಡಿಯನ್ನು ಮರದ ಯಾವ ಜಾಗದಿಂದ ತೆಗೆದದ್ದು? ಇವೆರಡು ಗೊತ್ತಿಲ್ಲದಿದ್ದರೆ ವರ್ಷದ ಲೆಕ್ಕ ಹೇಳಿ ಏನೂ ಪ್ರಯೋಜನ ಇಲ್ಲ.

ನಮ್ಮದು ಉತ್ತರ ಕನ್ನಡದ ಸಿದ್ದಾಪುರದ ಕಡೆ. ಕೆಳಗೆ ಅಡಿಕೆ ತೋಟ, ಅದರ ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಬೆಟ್ಟದ ಆಚೆ ಕಾನು, ಅಂದರೆ ದಟ್ಟ ಹಸಿರು ಕಾಡು. ಮುರುಗಲು ಮೂಲದಲ್ಲಿ ಕಾನಿನ ಮರ. ಕೊಂಕಣ, ಗೋವಾದಿಂದ ಹಿಡಿದು ನಮ್ಮ ಜಿಲ್ಲೆ, ದಕ್ಷಿಣ ಕನ್ನಡ, ಕೊಡಗು, ಉತ್ತರ ಕೇರಳದವರೆಗೆ, ಪಶ್ಚಿಮ ಘಟ್ಟ ಮತ್ತು ಅದರ ಬುಡದ ಕರಾವಳಿಯಲ್ಲಿ ತಾನಾಗಿ ಬೆಳೆಯುತ್ತದೆ. ಘಟ್ಟದ ಕೆಳಗೆ ಇದನ್ನೇ ಪುನರ್ಪುಳಿ ಅನ್ನುತ್ತಾರೆ, ಕಾರವಾರದ ಕಡೆ ಬಿರಿಂಡ. ಪುಸ್ತಕದಲ್ಲಿ ಗಾರ್ಸೀನಿಯ ಇಂಡಿಕಾ.

ದೊಡ್ಡ ಮರಗಳ ನೆರಳಿನ ಕೆಳಗೆ ಎರಡನೇ ಅಂತಸ್ತಿನಲ್ಲಿ ನಿಲ್ಲುವ ಜಾತಿ ಇದು. ಹತ್ತು ಹದಿನೈದು ಮೀಟರ್ ಎತ್ತರ, ಅದಕ್ಕಿಂತ ಜಾಸ್ತಿ ಹೋಗುವುದು ಕಡಿಮೆ. ಗೋಪುರದ ಆಕಾರ, ಅಡ್ಡಕ್ಕೆ ಚಾಚಿ ತುದಿಯಲ್ಲಿ ಬಾಗುವ ಕೊಂಬೆಗಳು, ಕಡು ಹಸಿರು ಎಲೆ. ಚಿಗುರು ಮಾತ್ರ ಕೆಂಪು. ಹೊಸ ಚಿಗುರು ಬಂದ ವಾರದಲ್ಲಿ ಕಾನಿನ ಕತ್ತಲೆಯಲ್ಲೂ ದೂರದಿಂದ ಗುರುತು ಸಿಗುತ್ತದೆ. ಎಲೆಯ ತೊಟ್ಟು ಮುರಿದರೆ ಹಳದಿ ಮೇಣ ಒಸರುತ್ತದೆ. ಅಷ್ಟರಿಂದಲೇ ಮುರುಗಲು ಅಂತ ತೀರ್ಮಾನ ಮಾಡಬೇಡಿ, ಇದರ ನೆಂಟ ಮರಗಳಾದ ಉಪ್ಪಾಗೆಗೂ ಅರಿಶಿನಗುರ್ಗಿಗೂ ಅದೇ ಹಳದಿ ಮೇಣ. ಕಾಯಿ ಬಂದರೆ ಗೊಂದಲ ಇಲ್ಲ. ಉಪ್ಪಾಗೆಯ ಕಾಯಿಗೆ ಕುಂಬಳದ ಹಾಗೆ ಗೀರುಗಳು, ಹಣ್ಣಾದರೆ ಹಳದಿ. ಮುರುಗಲು ನುಣುಪಾದ ಉಂಡೆ, ಹಣ್ಣಾದರೆ ಕಪ್ಪಿಗೆ ಹತ್ತಿರದ ಕೆಂಪು. ನಮ್ಮ ಕಡೆ ಬಿಳಿ ಮುರುಗಲು ಅಂತ ಹಳದಿ ಸಿಪ್ಪೆಯ ಒಂದು ಬಗೆಯೂ ಇದೆ, ಅದು ಅಪರೂಪ.

ಕಾನಿನ ನೆರಳಲ್ಲಿ ಹುಟ್ಟಿದ ಸಸಿಯ ತಾಳ್ಮೆ ದೊಡ್ಡದು. ಮೊಳಕಾಲೆತ್ತರಕ್ಕೆ ಬಂದು ವರ್ಷಗಟ್ಟಲೆ ಅಲ್ಲೇ ನಿಂತಿರುತ್ತದೆ, ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಪಕ್ಕದ ದೊಡ್ಡ ಮರ ಬಿದ್ದು ಬಿಸಿಲು ಇಳಿದರೆ ಆಗ ಏಳುತ್ತದೆ. ಹಾಗಂತ ನೆರಳೇ ಇಷ್ಟ ಅಂತ ಅಲ್ಲ. ಕಾನಿನ ಒಳಗಿನ ಮರಕ್ಕಿಂತ ಬೆಟ್ಟದ ಅಂಚಿನ ಮರದಲ್ಲಿ ಕಾಯಿ ಎಷ್ಟೋ ಪಾಲು ಜಾಸ್ತಿ. ನೆರಳು ತಡೆದುಕೊಳ್ಳುವ ಮರ ಬೇರೆ, ನೆರಳು ಬೇಡುವ ಮರ ಬೇರೆ. ಮುರುಗಲು ಮೊದಲನೆಯದು. ಎಳೆಗಿಡಕ್ಕೆ ನೆರಳು ಕೊಟ್ಟು, ಬೆಳೆದ ಮೇಲೆ ತಲೆಗೆ ಬಿಸಿಲು ಬಿಡಬೇಕು.

ಇನ್ನು ಗಂಡು ಹೆಣ್ಣಿನ ವಿಚಾರ. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎಬ್ಬಿಸಿದ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ ಆಗುತ್ತವೆ. ಬೀಜದ ಗಿಡ ಹೂ ಬಿಡಲು ಏಳೆಂಟು ವರ್ಷ ಬೇಕು. ಅಲ್ಲಿಯವರೆಗೆ ಗೊಬ್ಬರ ಹಾಕಿ, ಬೇಲಿ ಕಟ್ಟಿ, ದನ ಕಾಯ್ದು, ಕಡೆಗೆ ಗಂಡು ಅಂತ ಗೊತ್ತಾದರೆ ಹೊಟ್ಟೆ ಉರಿಯದೆ ಇರುತ್ತದಾ? ಎಲೆ ಅಗಲ ಇದ್ದರೆ ಹೆಣ್ಣು, ಸಪೂರ ಇದ್ದರೆ ಗಂಡು ಅಂತ ಊರಲ್ಲಿ ಹೇಳುವವರಿದ್ದಾರೆ. ನಾನು ಗುರುತು ಹಾಕಿಟ್ಟ ಮರಗಳಲ್ಲಿ ಆ ಲೆಕ್ಕ ಕೂಡಿ ಬಂದಿಲ್ಲ. ಹೂ ನೋಡಿಯೇ ಹೇಳಬೇಕು.

ಹೂ ಬರುವುದು ನವೆಂಬರಿನಿಂದ ಫೆಬ್ರವರಿಯವರೆಗೆ. ಅಡಿಕೆ ಕೊಯ್ಲಿನ ಗಡಿಬಿಡಿಯ ಕಾಲ, ಹಾಗಾಗಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ನೋಡಿದರೂ ಹೂ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ. ಒಂದು ಕೊಂಬೆ ಬಗ್ಗಿಸಿ ಹತ್ತಿರದಿಂದ ನೋಡಿ. ನಾಲ್ಕು ಪುಷ್ಪಪತ್ರ, ಒಳಗೆ ನಾಲ್ಕು ದಪ್ಪ ಎಸಳು, ಮುಟ್ಟಿದರೆ ತೊಗಲಿನಂತೆ ಗಟ್ಟಿ. ಎಲೆಯ ಕಂಕುಳಲ್ಲೂ ತುದಿಯಲ್ಲೂ ನಾಲ್ಕೆಂಟು ಮೊಗ್ಗು ಗೊಂಚಲಾಗಿ ಇದ್ದರೆ ಗಂಡು. ಅದರ ಹೂವಿನ ನಡುವೆ ಹತ್ತಿಪ್ಪತ್ತು ಕೇಸರಗಳು ಒತ್ತಾಗಿ ಕೂತು ಸಣ್ಣ ಹಳದಿ ಗುಬ್ಬಿಯಂತೆ ಕಾಣುತ್ತವೆ. ಹೆಣ್ಣು ಹೂ ಸಾಮಾನ್ಯವಾಗಿ ಕಡ್ಡಿಯ ತುದಿಯಲ್ಲಿ ಒಂಟಿ. ನಡುವೆ ದುಂಡನೆ ಹಸಿರು ಅಂಡಾಶಯ, ಅದರ ನೆತ್ತಿಗೇ ಅಂಟಿಕೊಂಡ, ಪರಾಗ ಹಿಡಿಯುವ ಶಲಾಕಾಗ್ರ. ಮಧ್ಯೆ ದಂಟು ಅಂತ ಇಲ್ಲ. ಆ ಶಲಾಕಾಗ್ರ ನಾಲ್ಕರಿಂದ ಎಂಟು ಸೀಳಾಗಿರುತ್ತದೆ. ಒಳಗಿನ ಕೋಣೆಗಳೂ ಅಷ್ಟೇ. ಸುತ್ತ ಕೇಸರದ ಹಾಗೆ ಕಾಣುವ ಕಡ್ಡಿಗಳಿದ್ದರೂ ಅವು ಬರಡು. ಮಕ್ಕಳ ಭೂತಗನ್ನಡಿ ಸಾಕು, ಎಲ್ಲ ಕಾಣುತ್ತದೆ.

ಕೊಂಬೆ ಕೈಗೆ ಸಿಗದಿದ್ದರೆ ಮರದ ಬುಡ ನೋಡುತ್ತೇನೆ. ಗಂಡು ಮರದ ಕೆಳಗೆ ಇಡೀ ಹೂಗಳೇ ಉದುರಿ ಹಾಸಿಕೊಂಡಿರುತ್ತವೆ. ಹೆಣ್ಣಿನ ಕೆಳಗೆ ಬಿಡಿ ಎಸಳು ಜಾಸ್ತಿ, ಕಾಯಾಗುವ ಭಾಗ ಮೇಲೇ ಉಳಿದಿರುತ್ತದೆ. ಅಪರೂಪಕ್ಕೆ ಒಂದೇ ಮರದಲ್ಲಿ ಎರಡೂ ಇರುವ ಹೂ ಸಿಗುತ್ತದೆ. ಅಂಥ ಮರ ಕಂಡರೆ ಬಣ್ಣದ ಗುರುತು ಹಾಕಿ ಬರುತ್ತೇನೆ.

ತಾಯಿಮರದ ಆಯ್ಕೆಗೆ ಹೂ ನೋಡಿದರೆ ಸಾಲದು, ಮೇ ತಿಂಗಳಲ್ಲಿ ಇನ್ನೊಮ್ಮೆ ಹೋಗಬೇಕು. ನನ್ನ ಮೊದಲ ಅಳತೆ ಹಣ್ಣಿನ ಗಾತ್ರ ಅಲ್ಲ, ಹಣ್ಣಾಗುವ ಹೊತ್ತು. ಕರಾವಳಿಯಲ್ಲಿ ಏಪ್ರಿಲಿಗೇ ಕೊಯ್ಲು ಶುರುವಾಗುತ್ತದೆ. ಘಟ್ಟದ ಮೇಲೆ ತಡ. ರೋಹಿಣಿ ಮಳೆ ಬೀಳುವ ಹೊತ್ತಿಗೂ ಕಾಯಿ ಹಸಿರಾಗಿದ್ದರೆ ಮೃಗಶಿರಕ್ಕೆ ಕೊಳೆತು ನೆಲ ಸೇರುತ್ತದೆ. ಉಳಿದದ್ದನ್ನು ಕೊಯ್ದರೂ ಸಿಪ್ಪೆ ಒಣಗಿಸಲು ಬಿಸಿಲೆಲ್ಲಿ? ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಕೊಂಕಣ ಅಮೃತಾ ತಳಿಗೆ ಹೆಸರು ಬಂದದ್ದರಲ್ಲಿ ಮಳೆಗೆ ಮುಂಚೆ ಕೈಗೆ ಸಿಗುವ ಗುಣದ್ದೂ ಪಾಲಿದೆ. ನಮ್ಮ ಬೆಟ್ಟಗಳಲ್ಲೇ ಬೇಗ ಹಣ್ಣಾಗುವ ಮರಗಳಿವೆ, ಹುಡುಕುವ ವ್ಯವಧಾನ ಬೇಕು ಅಷ್ಟೇ. ಆಮೇಲೆ ನೋಡುವುದು ಸಿಪ್ಪೆಯ ದಪ್ಪ. ಹುಳಿ, ಬಣ್ಣ, ದುಡ್ಡು ಎಲ್ಲ ಇರುವುದು ಸಿಪ್ಪೆಯಲ್ಲಿ.

ಬೀಜದ ಕೆಲಸ ತಡಮಾಡುವಂತಿಲ್ಲ. ಒಂದು ಹಣ್ಣಲ್ಲಿ ಐದರಿಂದ ಎಂಟು ಬೀಜ, ಸುತ್ತ ಬಿಳಿ ಹುಳಿಸಿಹಿ ತಿರುಳು. ಇದು ಒಣಗಿಸಿ ಡಬ್ಬದಲ್ಲಿ ಇಡುವ ಬೀಜ ಅಲ್ಲ, ತೇವ ಆರಿದರೆ ಜೀವ ಹೋಯಿತು. ಅಂಗಳದಲ್ಲಿ ಒಣಗಿಸಿದ ಬೀಜದಿಂದ ಮುರುಗಲು ತುಪ್ಪ ಬರುತ್ತದೆ, ಗಿಡ ಬರುವುದಿಲ್ಲ. ತಿರುಳನ್ನು ಬೂದಿಯಲ್ಲಿ ತಿಕ್ಕಿ ತೊಳೆದು, ನೆರಳಲ್ಲಿ ಮೇಲಿನ ನೀರು ಆರಿಸಿ, ಎರಡು ಮೂರು ದಿನದೊಳಗೆ ಮರಳಿನ ಪಾತಿಗೆ ಹಾಕುತ್ತೇನೆ.

ಮೊಳೆಯುವ ರೀತಿ ನೋಡಲು ನಾನು ಕೆಲವು ಬೀಜಗಳನ್ನು ಒದ್ದೆ ತೆಂಗಿನ ನಾರಿನ ಮೇಲೆ ಮಣ್ಣು ಮುಚ್ಚದೆ ಇಡುತ್ತೇನೆ. ಹೆಸರುಕಾಳು, ಹಲಸಿನ ಬೀಜ ಮೊಳೆಯುವುದನ್ನು ನೋಡಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಬೇಳೆಯಾಗಿ ಬಿಚ್ಚಿಕೊಳ್ಳುವ ಎರಡು ಹೋಳು ಇಲ್ಲಿ ಇಲ್ಲ. ಇಡೀ ಬೀಜವೇ ಆಹಾರ ತುಂಬಿಕೊಂಡ ಒಂದು ದಪ್ಪ ದಂಟು. ಅದರ ಒಂದು ತುದಿಯಿಂದ ಬೇರು, ಎದುರು ತುದಿಯಿಂದ ಚಿಗುರು. ಅಷ್ಟಕ್ಕೇ ಮುಗಿಯುವುದಿಲ್ಲ. ಚಿಗುರಿನ ಬುಡದಲ್ಲೇ ಇನ್ನೊಂದು ಬೇರು ಹುಟ್ಟುತ್ತದೆ. ನಿಧಾನಕ್ಕೆ ಈ ಎರಡನೆಯದು ಗಿಡದ ನಿಜವಾದ ಬೇರಾಗಿ, ಮೊದಲಿನದು ಸೊರಗುತ್ತದೆ. ಮಣ್ಣಿನೊಳಗೆ ಇಷ್ಟೆಲ್ಲ ನಡೆಯುವಾಗ ಮೇಲೆ ಏನೂ ಕಾಣುವುದಿಲ್ಲ. ಹುಟ್ಟಲೇ ಇಲ್ಲ ಅಂತ ಪಾತಿ ಕೆದಕುವವರು ಆ ಎಳೆ ಬೇರನ್ನೇ ಮುರಿದು ಹಾಕುತ್ತಾರೆ. ಸುಮ್ನೆ ತೇವ ಕಾಯ್ದುಕೊಂಡು ಇದ್ದುಬಿಡಿ.

ಈ ಬೀಜದ ಗಿಡ ಕಸಿಗೆ ಬುಡ. ಮೇಲೆ ಕೂರಿಸುವ ಕಡ್ಡಿಯದೇ ಅಸಲಿ ಪ್ರಶ್ನೆ.

ಮುರುಗಲು ಮರದಲ್ಲಿ ಎರಡು ಜಾತಿಯ ಕೊಂಬೆಗಳಿವೆ. ನಡುಕಾಂಡ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಅದರಿಂದ ಹೊರಟ ಪಕ್ಕದ ಕೊಂಬೆಗಳು ಅಡ್ಡಕ್ಕೇ ಹೋಗುತ್ತವೆ. ಮಾವಿನಲ್ಲಾದರೆ ಪಕ್ಕದ ಕೊಂಬೆಯ ಕಡ್ಡಿ ಕಸಿ ಮಾಡಿದರೂ ಅದು ಎದ್ದು ಮರವಾಗುತ್ತದೆ. ಮುರುಗಲಿನ ಅಡ್ಡ ಕೊಂಬೆ ಹಾಗಲ್ಲ. ಅದನ್ನು ಕತ್ತರಿಸಿ ಬೇರೆ ಬೇರಿನ ಮೇಲೆ ನೆಟ್ಟಗೆ ನಿಲ್ಲಿಸಿದರೂ ತಾನು ಅಡ್ಡ ಕೊಂಬೆ ಅನ್ನುವುದನ್ನು ಮರೆಯುವುದಿಲ್ಲ. ನೆಲಕ್ಕೆ ಸಮನಾಗಿ ಹರಡಿ ಪೊದೆಯಾಗುತ್ತದೆ. ನರ್ಸರಿಯಿಂದ ತಂದ ಕಸಿ ಗಿಡ ಮರವೇ ಆಗಲಿಲ್ಲ ಅನ್ನುವ ದೂರಿನ ಗುಟ್ಟು ಬಹುಪಾಲು ಇದೇ.

ಕಡ್ಡಿ ಕೈಗೆ ಬಂದಾಗ ಗುರುತು ಹಿಡಿಯುವುದು ಕಷ್ಟ ಇಲ್ಲ. ಎಲೆಗಳು ಜೋಡಿ ಜೋಡಿಯಾಗಿ ಇರುತ್ತವೆ. ನೆಟ್ಟ ಕಡ್ಡಿಯನ್ನು, ಅಂದರೆ ನೆಟ್ಟಗೆ ಬೆಳೆದ ಕಡ್ಡಿಯನ್ನು, ತುದಿಯ ಕಡೆಯಿಂದ ನೋಡಿದರೆ ಒಂದು ಜೋಡಿ ಉತ್ತರ ದಕ್ಷಿಣ, ಮುಂದಿನದು ಪೂರ್ವ ಪಶ್ಚಿಮ, ನಾಲ್ಕೂ ದಿಕ್ಕಿಗೆ ಎಲೆ. ಅಡ್ಡ ಕಡ್ಡಿಯಲ್ಲಿ ಎಲೆಗಳೆಲ್ಲ ತಿರುಚಿಕೊಂಡು ಒಂದೇ ಮಟ್ಟದಲ್ಲಿ ಎರಡು ಸಾಲಾಗಿ ಮಲಗಿರುತ್ತವೆ.

ನೆಟ್ಟ ಕಡ್ಡಿ ಬೇಕೆಂದರೆ ಒಂದು ಮರಕ್ಕೆ ಇರುವುದು ಒಂದೇ ಸುಳಿ, ಅದೂ ಮರದ ನೆತ್ತಿಯಲ್ಲಿ. ಅದನ್ನು ಕಡಿದು ಎಷ್ಟು ಗಿಡ ಮಾಡಬಹುದು? ಅದಕ್ಕೇ ನಾನು ನೀರುಚಿಗುರು ನಂಬಿಕೊಂಡಿದ್ದೇನೆ. ಗುರುತು ಹಾಕಿದ ಹೆಣ್ಣು ಮರದ ತಲೆಯನ್ನು ಒಮ್ಮೆ ಸವರಿದರೆ ಕಾಂಡದಿಂದ ನೆಟ್ಟನೆಯ ಚಿಗುರುಗಳು ಏಳುತ್ತವೆ. ಅಡಿಕೆ ತೋಟದವರು ಇಂಥ ಚಿಗುರನ್ನು ಕಂಡಲ್ಲಿ ಕತ್ತಿಯಲ್ಲಿ ಸವರಿ ಬಿಸಾಡುತ್ತಾರೆ. ನನಗೆ ಅದೇ ಬಂಡವಾಳ. ನೆಟ್ಟ ಕಡ್ಡಿಯ ಗಿಡ ಕಾಯಿಗೆ ಸ್ವಲ್ಪ ತಡ, ಆದರೆ ಮರವಾಗುತ್ತದೆ, ಕೆಳಗೆ ಓಡಾಡಲು ಜಾಗ ಸಿಗುತ್ತದೆ. ಹಿತ್ತಲಲ್ಲಿ ಒಂದೇ ಗಿಡ ಸಾಕು, ಏಣಿ ಇಲ್ಲದೆ ಕೊಯ್ಯಬೇಕು ಅನ್ನುವವರಿಗೆ ನಾನೇ ಅಡ್ಡ ಕಡ್ಡಿಯ ಗಿಡ ಕೊಡುತ್ತೇನೆ. ಏನು ಕೊಟ್ಟೆ ಅಂತ ಹೇಳಿ ಕೊಡಬೇಕು, ಅಷ್ಟೇ.

ಕಸಿ ಮಾಡುವ ಹೊತ್ತನ್ನು ಪಂಚಾಂಗಕ್ಕಿಂತ ಮೊಗ್ಗು ನೋಡಿ ತೀರ್ಮಾನಿಸುತ್ತೇನೆ. ಮುರುಗಲಿನ ತುದಿಮೊಗ್ಗು ಹೊರಗೆ ಕಾಣುವುದಿಲ್ಲ. ಕೊನೆಯ ಎರಡು ಎಲೆಗಳ ತೊಟ್ಟಿನ ಬುಡದಲ್ಲಿ ಸಣ್ಣ ಗುಂಡಿ ಇದೆ, ಅದರೊಳಗೆ ಅಡಗಿರುತ್ತದೆ. ಆ ತೊಟ್ಟುಗಳು ಬುಡದಲ್ಲಿ ಉಬ್ಬಿ ಕೊಂಚ ಅಗಲವಾದರೆ ಒಳಗೆ ಮೊಗ್ಗು ಹೊರಡುವ ಸನ್ನಾಹದಲ್ಲಿದೆ ಅಂತ ಅರ್ಥ. ಆಗ ಗೇಣುದ್ದಕ್ಕಿಂತ ಕಡಿಮೆ ಕಡ್ಡಿ ತೆಗೆದು, ತುದಿಯ ಜೋಡಿ ಬಿಟ್ಟು ಉಳಿದ ಎಲೆ ತೆಗೆದು, ಬುಡವನ್ನು ಎರಡೂ ಕಡೆ ಚೂಪಾಗಿ ಕೆತ್ತುತ್ತೇನೆ. ಅಷ್ಟೇ ದಪ್ಪದ ಬುಡಗಿಡದ ತಲೆ ಕತ್ತರಿಸಿ, ನಡುವೆ ಸೀಳಿ, ಅದರಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತೇನೆ. ಕತ್ತರಿಸಿದ ಕೂಡಲೇ ಹಳದಿ ಮೇಣ ಬರುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಜೋಡಿಸಬೇಕು, ಮೇಣ ನಡುವೆ ನಿಂತರೆ ಎರಡು ಸಿಪ್ಪೆ ಕೂಡುವುದಿಲ್ಲ. ಮೇಲೆ ಐಸ್‌ಕ್ಯಾಂಡಿಯ ತೆಳು ಪ್ಲಾಸ್ಟಿಕ್ ಕೊಳವೆ ಟೊಪ್ಪಿಗೆ. ಒಳಗೆ ಬೆವರು ಕಟ್ಟಿರಬೇಕು. ಕೆಂಪು ಚಿಗುರು ಇಣುಕಿದ ಮೇಲೆ ಟೊಪ್ಪಿಗೆ ತೆಗೆಯುವುದು, ಅದೂ ಸಂಜೆ ಹೊತ್ತು. ಇಂಥ ಗಿಡ ನಾಲ್ಕೈದು ವರ್ಷಕ್ಕೆ ಕಾಯಿ ತೋರಿಸುತ್ತದೆ, ಹೆಣ್ಣೆಂಬ ಖಾತ್ರಿಯೂ ಇರುತ್ತದೆ.

ಹಾಗಾದರೆ ಗಂಡು ಬೇಡವಾ ಅಂತ ಕೇಳುತ್ತಾರೆ. ಪರಾಗಕ್ಕೆ ಬೇಕು. ಹತ್ತು ಹೆಣ್ಣಿಗೆ ಒಂದು ಗಂಡು ಅನ್ನುವುದು ಎಲ್ಲರೂ ಹೇಳುವ ಲೆಕ್ಕ. ಕಾನು ಹತ್ತಿರ ಇದ್ದವರಿಗೆ ಅದೂ ಚಿಂತೆ ಇಲ್ಲ, ಅಲ್ಲಿ ಗಂಡು ಮರಗಳಿರುತ್ತವೆ. ಬಯಲಲ್ಲಿ ಒಂಟಿಯಾಗಿ ನೆಡುವವರು ಮಾತ್ರ ಒಂದು ಗಂಡು ಕಸಿಯನ್ನೂ ಕೇಳಿ ಒಯ್ಯಿರಿ. ಈಗಾಗಲೇ ಬೆಳೆದ ಗಂಡು ಮರ ಹಲವಿದ್ದರೆ ಕಡಿದು ಹಾಕಬೇಡಿ. ಸೊಂಟದ ಎತ್ತರಕ್ಕೆ ಕತ್ತರಿಸಿ, ಎದ್ದ ಚಿಗುರುಗಳ ಮೇಲೆ ಹೆಣ್ಣಿನ ಕಡ್ಡಿ ಕಸಿ ಮಾಡಬಹುದು. ಬೇರು ಹಳೆಯದಾದ್ದರಿಂದ ಬೆಳವಣಿಗೆ ಜೋರು. ಬುಡದಿಂದ ಮತ್ತೆ ಮತ್ತೆ ಗಂಡಿನ ಚಿಗುರು ಬರುತ್ತದೆ, ಅದನ್ನು ಬಿಡದೆ ಚಿವುಟಬೇಕು.

ಕಡ್ಡಿಗಾಗಿ ಕಾನಿನ ಮರದ ತಲೆ ಸವರುವುದನ್ನು ನಾನು ಮಾಡುವುದಿಲ್ಲ. 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಯ ಹುಳಿಗೆ ಹೊರದೇಶದಲ್ಲಿ ಬೊಜ್ಜು ಇಳಿಸುವ ಮದ್ದು ಅಂತ ಬೇಡಿಕೆ ಬಂದು, ಎಳೆಕಾಯಿ ಸಹಿತ ಕೊಂಬೆ ಕಡಿದು ಒಯ್ದದ್ದನ್ನು ನಮ್ಮ ಕಡೆಯವರು ಕಂಡಿದ್ದಾರೆ. ಮುರುಗಲಿನಲ್ಲೂ ಇರುವುದು ಅದೇ ಹುಳಿ. ಕಾನಿನ ಒಳ್ಳೆಯ ಹೆಣ್ಣು ಸಿಕ್ಕರೆ ಮೊದಲ ವರ್ಷ ಅದರಿಂದ ನಾಲ್ಕಾರು ಅಡ್ಡ ಕಡ್ಡಿ ಮಾತ್ರ ತಂದು ತೋಟದ ಅಂಚಿನಲ್ಲಿ ಕಸಿ ಮಾಡಿ, ಗುಣ ಹೇಗಿದೆ ಅಂತ ನೋಡುತ್ತೇನೆ. ಹಣ್ಣು ಮಳೆಗೆ ಮುಂಚೆ ಬಂದರೆ, ಸಿಪ್ಪೆ ದಪ್ಪ ಇದ್ದರೆ, ಕಾನಿನ ಮರದ ಕಾಂಡದಲ್ಲಿ ತಾನಾಗಿ ಎದ್ದ ನೀರುಚಿಗುರಿಗೆ ಕಾಯುತ್ತೇನೆ. ಅದರಿಂದ ಒಂದೆರಡು ನೆಟ್ಟ ಗಿಡ ಮಾಡಿಕೊಂಡರೆ ಸಾಕು. ಮುಂದಿನ ಕಡ್ಡಿಗೆಲ್ಲ ತೋಟದ ಆ ಗಿಡಗಳ ತಲೆಯನ್ನೇ ಸವರುವುದು.